ಬೀಜವೋ, ಕಟಿಂಗೋ? ಮೊದಲು ತಾಯಿ ಗಿಡ ನೋಡಿ

ಗಾಂಜಾ ವಿಷಯ ಬಂತು ಅಂತ ಯಾರೂ ಗಾಬರಿಯಾಗಬೇಡಿ. ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ತೋಟದವನು, ನನ್ನ ಹೊಲದಲ್ಲಿ ಅದಿಲ್ಲ. ನಮ್ಮ ದೇಶದಲ್ಲಿ ಅದನ್ನು ಪರವಾನಗಿ ಇಲ್ಲದೆ ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಪ್ರಕಾರ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಕಬ್ಬಿನ ನಡುವೆ, ತೊಗರಿ ಸಾಲಿನ ನಡುವೆ ಗಿಡ ಬಚ್ಚಿಟ್ಟು ಸಿಕ್ಕಿಬಿದ್ದವರ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಆಗಾಗ ಬರುತ್ತದೆ. ಆ ದಾರಿ ಬೇಡವೇ ಬೇಡ.

ಆದರೆ ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ಕಾನೂನು ಬೇರೆ. ಅಲ್ಲಿ ಬಹಳಷ್ಟು ಕಡೆ ದೊಡ್ಡವರಿರುವ ಮನೆಗೆ 4 ಗಿಡ ಬೆಳೆಯಲು ಅವಕಾಶ ಇದೆ. ಒಂಟಾರಿಯೊದಲ್ಲಿರುವ ನನ್ನ ಅಕ್ಕನ ಮಗ ಫೋನ್ ಮಾಡಿ ಕೇಳಿದ: "ಮಾಮಾ, ಬೀಜ ಹಾಕೋದು ಛಲೋನೋ, ಕ್ಲೋನ್ ತಂದು ಹಚ್ಚೋದು ಛಲೋನೋ?" ಕ್ಲೋನ್ ಅಂದರೆ ತಾಯಿ ಗಿಡದ ತುಂಡಿನಿಂದ ಮಾಡಿದ ಸಸಿ. (ಅಕ್ಕನಿಗೆ ಈ ಪೋಸ್ಟ್ ಯಾರೂ ತೋರಿಸಬೇಡಿ.) ಗಿಡ ಯಾವುದೇ ಇರಲಿ, ಪ್ರಶ್ನೆ ಮಾತ್ರ ನಮ್ಮದೇ. ದಾಳಿಂಬೆ, ದ್ರಾಕ್ಷಿ, ಕಬ್ಬು, ನಿಂಬೆ ಬೆಳೆಯುವ ನಾವು ದಿನಾ ಇದೇ ಲೆಕ್ಕ ಹಾಕುತ್ತೇವೆ, ಅಲ್ವಾ?

ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇಕಾಗಿರುವುದು ಹೆಣ್ಣು ಗಿಡದ ಹೂವು. ಮಾಮೂಲಿ ಬೀಜ ಹಾಕಿದರೆ ಸುಮಾರು ಅರ್ಧದಷ್ಟು ಗಂಡು ಬರುತ್ತವೆ. ಹೂವಿನ ಗುರುತು ಕಾಣುವವರೆಗೆ ಯಾವುದು ಏನು ಅಂತ ನೋಡಿ ಹೇಳಲು ಆಗುವುದಿಲ್ಲ. ಒಂದು ಗಂಡು ಉಳಿದು ಪರಾಗ ಹಾರಿದರೂ ಸಾಕು, ಹೆಣ್ಣು ಗಿಡದ ಶಕ್ತಿಯೆಲ್ಲ ಕಾಳು ಕಟ್ಟುವುದಕ್ಕೇ ಹೋಗುತ್ತದೆ. ನಮ್ಮಲ್ಲಿ ಹಳೆಯ ಪಪ್ಪಾಯಿ ತಳಿ ಹಾಕಿದವರಿಗೆ ಈ ತಾಪತ್ರಯ ಗೊತ್ತು. ಒಂದೊಂದು ಗುಂಡಿಗೆ ಎರಡು ಮೂರು ಸಸಿ ಹಚ್ಚಿ, ಹೂ ಬಂದ ಮೇಲೆ ಗಂಡು ಗಿಡ ಕಿತ್ತು ಹಾಕಬೇಕಿತ್ತು. ರೆಡ್ ಲೇಡಿ ಅನ್ನುವ ಪಪ್ಪಾಯಿ ತಳಿ ಬಂದ ಮೇಲೆ ಆ ಕೆಲಸ ತಪ್ಪಿತು. ಗಾಂಜಾದಲ್ಲೂ ಹೆಣ್ಣೇ ಬರುವಂತೆ ತಯಾರಿಸಿದ ಬೀಜ ಈಗ ಸಿಗುತ್ತದೆ, ಬೆಲೆ ಜಾಸ್ತಿ.

ತೊಂಡೆ ಬಳ್ಳಿ ನೋಡಿ. ಅದರಲ್ಲೂ ಗಂಡು ಹೆಣ್ಣು ಬೇರೆ ಬೇರೆ. ಹಾಗಾಗಿಯೇ ತೊಂಡೆಯನ್ನು ಯಾರೂ ಬೀಜದಿಂದ ಮಾಡುವುದಿಲ್ಲ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ತುಂಡು ತಂದು ನೆಡುತ್ತಾರೆ. ಅದು ಕ್ಲೋನೇ. ತಾಯಿ ಹೆಣ್ಣಾದರೆ ತುಂಡೂ ಹೆಣ್ಣು. ಅದೇ ರುಚಿ, ಅದೇ ಎತ್ತರ, ಕಾಯಿ ಬಿಡುವ ಕಾಲವೂ ಅದೇ. ಬೀಜ ಮೊಳೆತು ದೊಡ್ಡದಾಗುವ ಕಾಲವೂ ಉಳಿಯುತ್ತದೆ. ಮಾರುಕಟ್ಟೆಗೆ ಬೆಳೆಯುವವನಿಗೆ ಇಷ್ಟಿದ್ದರೆ ಸಾಕು, ಅವನು ಬೀಜದ ಕಡೆ ತಿರುಗಿಯೂ ನೋಡುವುದಿಲ್ಲ. ಟಿಕೋಟಾ, ಬಬಲೇಶ್ವರ ಕಡೆಯ ಥಾಮ್ಸನ್ ದ್ರಾಕ್ಷಿಯಲ್ಲಂತೂ ಬೀಜವೇ ಇಲ್ಲ, ಕೇಳುವುದೇನು? ಕೆಳಗೆ ಬರ ಮತ್ತು ಉಪ್ಪು ನೀರು ತಡೆಯುವ ಡಾಗ್‌ರಿಜ್ ಅನ್ನುವ ದ್ರಾಕ್ಷಿ ತಳಿಯ ಬೇರು, ಮೇಲೆ ಥಾಮ್ಸನ್ ಕಸಿ. ಎರಡೂ ಕಟಿಂಗಿನಿಂದ ಬಂದವೇ.

ಇಷ್ಟು ಕೇಳಿದರೆ ಕ್ಲೋನೇ ಛಲೋ ಅನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ತುಂಡು ತಾಯಿಯ ಗುಣ ತರುವ ಹಾಗೆಯೇ ತಾಯಿಯ ರೋಗವನ್ನೂ ತರುತ್ತದೆ. ಅದೂ ಸಸಿ ತರುವ ದಿನ ಕಣ್ಣಿಗೆ ಕಾಣುವುದಿಲ್ಲ.

ದಾಳಿಂಬೆಯಲ್ಲಿ ಏನಾಯಿತು ಅಂತ ಬಾಗಲಕೋಟೆ, ವಿಜಯಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಟು ಬಂದ ಕಾಲ. ಎಲ್ಲರಿಗೂ ಒಮ್ಮೆಲೇ ಸಸಿ ಬೇಕು. ಸಿಕ್ಕ ಸಿಕ್ಕ ತೋಟದಲ್ಲಿ ಗೂಟಿ ಕಟ್ಟಿ (ಗಿಡದಲ್ಲಿರುವಾಗಲೇ ಟೊಂಗೆಗೆ ಬೇರು ಬರಿಸಿ) ಮಾರಿದರು, ನಾವೂ ಕೇಳದೆ ತಂದು ಹಚ್ಚಿದೆವು. ಆ ಗೂಟಿಯ ಜೊತೆಗೇ ದುಂಡಾಣು ಅಂಗಮಾರಿ ಬಂತು. ಮೊದಲು ಎಲೆ ಮೇಲೆ ನೀರು ಕುಡಿದಂತಹ ಸಣ್ಣ ಚುಕ್ಕೆ. ಆಮೇಲೆ ಗಿಣ್ಣು ಕಪ್ಪಾಗಿ ಟೊಂಗೆ ಮುರಿಯುವುದು. ಕೊನೆಗೆ ಕಾಯಿ ಮೇಲೆ ಕಪ್ಪು ಕಲೆ ಬಂದು ಸೀಳುವುದು. ಮಳೆ ಗಾಳಿಗೆ ಹನಿ ಸಿಡಿದು ಪಕ್ಕದ ತೋಟಕ್ಕೂ ಹಬ್ಬಿತು. ಸಾಲ ಮಾಡಿ ಕಟ್ಟಿದ ತೋಟಗಳನ್ನು ಜನ ಬುಡಸಮೇತ ಕಿತ್ತರು. ಮಳೆ, ಹವೆ ಎಲ್ಲ ಕಾರಣವೇ, ಒಪ್ಪುತ್ತೇನೆ. ಆದರೆ ರೋಗವನ್ನು ಊರಿಂದ ಊರಿಗೆ ಹೊತ್ತು ತಂದದ್ದರಲ್ಲಿ ಸಸಿಯದೇ ದೊಡ್ಡ ಪಾಲು. ಜೊತೆಗೆ ಎಲ್ಲರ ಹೊಲದಲ್ಲೂ ಅದೇ ಒಂದೆರಡು ತಳಿ. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲ ಅಂದರೆ ಪಕ್ಕದ ಸಾವಿರ ಗಿಡಕ್ಕೂ ಇಲ್ಲ.

ಅಮೆರಿಕ, ಕೆನಡಾದ ಗಾಂಜಾ ಬೆಳೆಗಾರರು ಈಗ ಅದೇ ಪಾಡು ಪಡುತ್ತಿದ್ದಾರೆ. ಹಾಪ್ ಲೇಟೆಂಟ್ ವೈರಾಯ್ಡ್ ಅಂತ ಒಂದಿದೆ. ವೈರಸ್ಸಿಗಿಂತಲೂ ಸಣ್ಣದು. ಬಿಯರ್‌ಗೆ ಹಾಕುವ ಹಾಪ್ ಬಳ್ಳಿಯಲ್ಲಿ ಮೊದಲು ಸಿಕ್ಕಿದ್ದು, 2019ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಗಾಂಜಾ ಗಿಡಗಳಲ್ಲೂ ಇದೆ ಅಂತ ಗೊತ್ತಾಯಿತು. ಗಿಡ ಗಿಡ್ಡಾಗುತ್ತದೆ, ಟೊಂಗೆ ಸುಲಭವಾಗಿ ಮುರಿಯುತ್ತದೆ, ಹೂವಿನಲ್ಲಿ ಸತ್ವ ಇಳಿಯುತ್ತದೆ. ಎಷ್ಟೋ ಸಲ ತಾಯಿ ಗಿಡದಲ್ಲಿ ಏನೂ ಕಾಣುವುದೇ ಇಲ್ಲ. ಅದರಿಂದ ತುಂಡು ಕತ್ತರಿಸುತ್ತಾ ಹೋದರೆ ಎಲ್ಲ ಸಸಿಗೂ ಹಂಚಿದ ಹಾಗೆ. ತೊಳೆಯದ ಕತ್ತರಿಯಿಂದಲೂ ಹರಡುತ್ತದೆ. ಬೀಜದಲ್ಲೂ ದಾಟಬಹುದು, ಆದರೆ ಕ್ಲೋನಿನಲ್ಲಿ ದಾಟುವ ಸಾಧ್ಯತೆ ಬಹಳ ಜಾಸ್ತಿ.

ಹಾಗಾಗಿ ಹುಡುಗನಿಗೆ ಹೇಳಿದ್ದು ಇಷ್ಟೇ. ನಾಲ್ಕೇ ಗಿಡ ಇಡುವವನಿಗೆ ಬೀಜ ಸಾಕು. ಒಂದು ಗಿಡ ಎತ್ತರ, ಒಂದು ಗಿಡ್ಡ ಆದರೆ ಗಂಟೇನು ಹೋಯಿತು? ತಾಯಿ ಬೇರು ನೇರ ಕೆಳಗೆ ಇಳಿಯುವುದು ಬೀಜದ ಗಿಡಕ್ಕೆ ಮಾತ್ರ. ಕ್ಲೋನೇ ಬೇಕು ಅಂದರೆ ತಾಯಿ ಗಿಡದ ಟೆಸ್ಟ್ ರಿಪೋರ್ಟ್ ಕೇಳು. ಕೊಡದಿದ್ದರೆ ಎದ್ದು ಬಾ.

ಕ್ಲೋನ್ ಅಂದರೆ ಎಂದೂ ಬದಲಾಗುವುದಿಲ್ಲ ಅಂತಲೂ ತಿಳಿಯಬೇಡಿ. ಸೊನಾಕಾ, ತಾಸ್-ಎ-ಗಣೇಶ್ ದ್ರಾಕ್ಷಿಗಳು ಥಾಮ್ಸನ್ ಬಳ್ಳಿಯಲ್ಲಿ ತಾನಾಗಿ ಆದ ಬದಲಾವಣೆಯಿಂದ ಬಂದವು. ಸೊಲ್ಲಾಪುರ, ಸಾಂಗ್ಲಿ ಕಡೆಯ ರೈತರು ಕಣ್ಣಿಟ್ಟು ನೋಡಿ ಆ ಟೊಂಗೆಯನ್ನು ಉಳಿಸಿಕೊಂಡರು. ಆದರೆ ಪೂರಾ ಹೊಸದು ಬರುವುದು ಬೀಜದಿಂದಲೇ. ಗಣೇಶ್ ದಾಳಿಂಬೆಯನ್ನು 1936ರಲ್ಲಿ ಪುಣೆ ಹತ್ತಿರದ ಆಳಂದಿಯ ಗಿಡಗಳಿಂದ ಡಾ. ಜಿ. ಎಸ್. ಚೀಮಾ ಆರಿಸಿದರು. ಮುಂದೆ ಅದನ್ನೇ ಇನ್ನೊಂದು ಕೆಂಪು ತಳಿಯ ಜೊತೆ ಕೂಡಿಸಿದಾಗ ಭಗವಾ ಬಂತು. ಇವತ್ತು ನಾವು ಹಚ್ಚುವ ಲಕ್ಷಾಂತರ ಗೂಟಿ, ಟಿಶ್ಯೂ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ) ಸಸಿಗಳೆಲ್ಲ ಎಂದೋ ಒಂದು ಬೀಜ ಮೊಳೆತದ್ದರ ನಕಲು.

ಇನ್ನು ನಮ್ಮ ನಿಂಬೆ. ಇದು ಮೇಲಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ, ಅದಕ್ಕೇ ನನಗೆ ಇಷ್ಟ. ನಿಂಬೆಯ ಒಂದು ಬೀಜ ಹಾಕಿ ನೋಡಿ, ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದಿಂದ ಆದವಲ್ಲ, ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಅಂದರೆ ಬೀಜವೂ ಹೌದು, ಕ್ಲೋನೂ ಹೌದು. ತಾಯಿಯ ಗುಣ ಪೂರ್ತಿ ಬರುತ್ತದೆ, ತಾಯಿಯಲ್ಲಿರುವ, ನಿಂಬೆ ಜಾತಿಯ ಗಿಡಗಳನ್ನು ಸೊರಗಿಸುವ ಟ್ರಿಸ್ಟೆಜಾ ವೈರಸ್ ಮಾತ್ರ ಬೀಜದಲ್ಲಿ ದಾಟುವುದಿಲ್ಲ. ಆಮೇಲೆ ಗಿಡಹೇನಿನಿಂದ ಬರಬಹುದು, ಅದು ಬೇರೆ ಮಾತು. ಸಸಿ ಮಡಿಯಲ್ಲಿ ತೀರಾ ಸಣ್ಣವು, ಎಲೆ ಬೇರೆ ತರಹ ಕಾಣುವವು ಕಿತ್ತು ಹಾಕಿದರೆ ಉಳಿದವೆಲ್ಲ ಒಂದೇ ಸಮ. ತೊಂದರೆ ಅಂದರೆ ಮುಳ್ಳು ಜಾಸ್ತಿ, ಕಾಯಿಗೆ ನಾಲ್ಕೈದು ವರ್ಷ ಕಾಯಬೇಕು.

ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಬಂದ ಮೇಲೆ ಕೇಳುವವರು ಜಾಸ್ತಿಯಾಗಿದ್ದಾರೆ. ಬೇಗ ಕಾಯಿ ಬಿಡುತ್ತದೆ ಅಂತ ಕಸಿ ನಿಂಬೆ ಸಸಿ ಮಾರುವವರೂ ಬರುತ್ತಿದ್ದಾರೆ. ಬೇಗ ಬಿಡುವುದು ನಿಜ. ಆದರೆ ಮೇಲೆ ಕಸಿ ಕಟ್ಟಿದ ಕಣ್ಣು (ಮೊಗ್ಗು) ಯಾವ ಗಿಡದ್ದು, ಕೆಳಗಿನ ಬೇರು ರಂಗಪುರ ನಿಂಬೆಯದ್ದೋ ಇನ್ನಾವುದೋ ಅಂತ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ. ನಾನಂತೂ ಬೀಜದ ಸಸಿಯನ್ನೇ ಹಚ್ಚುವವನು. ನಿಮ್ಮಲ್ಲಿ ಕಸಿ ನಿಂಬೆ ಹಾಕಿದವರಿದ್ದರೆ ಹೇಳಿ: ಎಷ್ಟನೇ ವರ್ಷ, ಯಾವ ಬೇರು, ಗಿಡ ಹೇಗಿದೆ? ಬುಡದ ಫೋಟೋ ಹಾಕಿದರೆ ಇನ್ನೂ ಛಲೋ.