ಸ್ವಲ್ಪ ಊತ ಇರುತ್ತೆ, ಅಷ್ಟೇ

ರಜೆ ಅರ್ಜಿಯಲ್ಲಿ ಕಾರಣ ಬರೆಯೋಕೆ ಒಂದು ಗೆರೆಯಷ್ಟು ಜಾಗ ಬಿಟ್ಟಿರುತ್ತಾರಲ್ಲ, ಅಲ್ಲಿ ನಾನು ‘ಸಣ್ಣ ಆಪರೇಷನ್’ ಎಂದಷ್ಟೇ ಬರೆದೆ. ಸುಳ್ಳೇನಲ್ಲ. ಆದರೆ ದೊಡ್ಡ ಆಪರೇಷನ್ ಆದವರನ್ನು ಜನ ‘ಪಾಪ’ ಎಂದು ಸುಮ್ಮನೆ ಬಿಡುತ್ತಾರೆ, ಸಣ್ಣದಾದವರನ್ನು ಬಿಡುವುದಿಲ್ಲ. ಎಲ್ಲಿ ಎಂದು ಕೇಳೇ ಕೇಳುತ್ತಾರೆ. ಸೊಂಟದ ಕೆಳಗೆ ಎಂದೆ. ‘ಓ, ಮಂಡಿನಾ?’ ಎಂದರು. ಅದಕ್ಕಿಂತ ಸ್ವಲ್ಪ ಮೇಲೆ ಎಂದೆ. ಕೊನೆಗೆ ಅವರೇ ಹರ್ನಿಯಾ ಎಂದು ತೀರ್ಮಾನ ಮಾಡಿಕೊಂಡರು, ನಾನೂ ಹೂಂ ಎಂದೆ. ಈಗ ಆಫೀಸಿನಲ್ಲಿ ಹರ್ನಿಯಾ ಆದವರೆಲ್ಲ ನನ್ನ ಹತ್ತಿರ ಬಂದು ಕಷ್ಟಸುಖ ಹೇಳಿಕೊಳ್ಳುತ್ತಾರೆ.

ನನಗೆ ಇದ್ದದ್ದು ಫೈಮೋಸಿಸ್. ಶಿಶ್ನದ ತುದಿ ಮುಚ್ಚುವ ಚರ್ಮ, ಅಂದರೆ ಮುಂದೊಗಲು, ಬಿಗಿಯಾಗಿ ಹಿಂದಕ್ಕೆ ಸರಿಯದ ತೊಂದರೆ. ಚಿಕ್ಕ ಮಕ್ಕಳಲ್ಲಿ ಇದು ಸಹಜ, ಬೆಳೆಯುತ್ತಾ ತಾನೇ ಸಡಿಲವಾಗುತ್ತದೆ. ದೊಡ್ಡವರಲ್ಲಿ ಮತ್ತೆ ಮತ್ತೆ ಸೋಂಕಾಗಿ, ಚರ್ಮ ಬಿರಿದು, ಗಾಯ ಮಾಗಿದ ಜಾಗವೇ ಗಟ್ಟಿಯಾಗಿ ಬಿಗಿದುಕೊಳ್ಳಬಹುದು. ಸಕ್ಕರೆ ಕಾಯಿಲೆ ಇದ್ದರೆ ಈ ಕಾಟ ಜಾಸ್ತಿ. ಮೊದಲು ಸ್ಟೀರಾಯ್ಡ್ ಮುಲಾಮು ಕೊಟ್ಟು ನೋಡುತ್ತಾರೆ, ಅದಕ್ಕೆ ಬಗ್ಗದಿದ್ದರೆ ಮುಂದೊಗಲಿಗೆ ಕತ್ತರಿ, ಅಂದರೆ ಸುನ್ನತಿ. ನನ್ನದು ಬಗ್ಗಲಿಲ್ಲ. ಜಗತ್ತಿನ ಗಂಡಸರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಈ ಆಪರೇಷನ್ ಆಗಿದೆಯಂತೆ. ಬಹಳಷ್ಟು ಜನ ಅದನ್ನು ಏನೂ ನೆನಪಿರದ ವಯಸ್ಸಿನಲ್ಲೇ ಮುಗಿಸಿಕೊಂಡಿದ್ದಾರೆ. ಪುಣ್ಯವಂತರು.

ಆಪರೇಷನ್ ಬಗ್ಗೆ ಹೇಳೋಕೆ ಏನೂ ಇಲ್ಲ. ಮರಗಟ್ಟಿಸುವ ಇಂಜೆಕ್ಷನ್, ಅಡ್ಡ ಒಂದು ಪರದೆ, ಅದೇ ದಿನ ಮನೆಗೆ. ಹೊರಡುವಾಗ ಡಾಕ್ಟರು ಹೇಳಿದ್ದು ಇಷ್ಟು: ‘ಹೊಲಿಗೆ ತಾನೇ ಕರಗುತ್ತೆ. ಸ್ವಲ್ಪ ಊತ ಇರುತ್ತೆ, ಅಷ್ಟೇ.’

ಡ್ರೆಸ್ಸಿಂಗ್ ಬಿಚ್ಚಿದ ದಿನ ಕೆಳಗೆ ನೋಡಿದರೆ ಇದು ನನ್ನದೇನಾ ಎಂದು ಗುರುತೇ ಹತ್ತಲಿಲ್ಲ. ನೀಲಿ, ನೇರಳೆ, ಹಳದಿ ಎಲ್ಲ ಬಣ್ಣವೂ ಇತ್ತು. ತುದಿಯ ಹಿಂದೆ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಒಂದು ಸುತ್ತು ಊತ, ಕೆಳಭಾಗದಲ್ಲಂತೂ ಇನ್ನೂ ದಪ್ಪ. ‘ಸ್ವಲ್ಪ’ ಎಂದ ಡಾಕ್ಟರು ಯಾವ ಅಳತೆ ಇಟ್ಟುಕೊಂಡಿದ್ದರೋ! ಇದರ ಕಾರಣ ಮಾತ್ರ ಸರಳ. ಆ ಚರ್ಮದ ಕೆಳಗೆ ನೀರಿನಂಥ ದ್ರವವನ್ನು ಸಾಗಿಸುವ ಸಣ್ಣ ಸಣ್ಣ ದುಗ್ಧನಾಳಗಳಿವೆ. ಚರ್ಮದ ಜೊತೆ ಅವೂ ತುಂಡಾಗುತ್ತವೆ. ಹೊಸ ದಾರಿ ಆಗುವ ತನಕ ದ್ರವ ಅಲ್ಲೇ ನಿಲ್ಲುತ್ತದೆ, ಅದರಲ್ಲೂ ತಗ್ಗಿನ ಕಡೆ. ಗಾಯ ಬೇಗ ಕೂಡಿಕೊಳ್ಳುತ್ತದೆ, ಈ ದಾರಿ ರಿಪೇರಿಗೆ ಮಾತ್ರ ಅವಸರವೇ ಇಲ್ಲ.

ಅದಕ್ಕೇ ಅದನ್ನು ಹೊಕ್ಕುಳಿನ ಕಡೆ ಮುಖ ಮಾಡಿಸಿ, ಹಿಡಿದು ನಿಲ್ಲಿಸುವಂಥ ಒಳಚಡ್ಡಿ ಹಾಕಿ ಎಂದು ನರ್ಸ್ ಹೇಳಿದರು. ನನಗೆ ಕೊಟ್ಟ ಚೀಟಿಯಲ್ಲಿ ‘ಸಡಿಲವಾದ ಬಟ್ಟೆ ಧರಿಸಿ’ ಎಂದಿತ್ತು. ಎರಡನ್ನೂ ಪಾಲಿಸಿದೆ. ಒಳಗೆ ಬಿಗಿ, ಹೊರಗೆ ಡೇರೆಯಷ್ಟು ಅಗಲದ ಪೈಜಾಮ. ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದ ತುದಿಗೆ ಬಟ್ಟೆ ಎಂಬುದರ ಪರಿಚಯವೇ ಇರಲಿಲ್ಲ, ಹತ್ತಿ ಬಟ್ಟೆ ತಾಗಿದರೂ ಮರಳು ಕಾಗದ ಉಜ್ಜಿದ ಹಾಗಾಗಿ ಕಾಲು ಅಗಲಿಸಿ ನಡೆಯಬೇಕಾಗಿತ್ತು. ವ್ಯಾಸಲೀನ್ ಸವರಿದ ಮೇಲೆ ಪರವಾಗಿಲ್ಲ ಅನಿಸಿತು. ನಡಿಗೆ ನೋಡಿದ ಮಗಳು ‘ಅಪ್ಪ, ಕುದುರೆ ಎಲ್ಲಿ?’ ಎಂದಳು.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಬೇರೆ ಕಥೆ. ಆರೋಗ್ಯವಂತ ಗಂಡಸಿಗೆ ಕನಸು ಬೀಳುವ ಹಂತದ ನಿದ್ದೆಯಲ್ಲಿ, ರಾತ್ರಿಗೆ 3ರಿಂದ 5 ಸಲ ನಿಮಿರುವುದು ಸಹಜ. ಕನಸು ಎಂಥದ್ದು ಅಂತ ಅದು ನೋಡುವುದಿಲ್ಲ. ಕನಸಿನಲ್ಲಿ ಗಣಿತದ ಪರೀಕ್ಷೆ ಬರೆಯುತ್ತಿದ್ದರೂ ತನ್ನ ಪಾಡಿಗೆ ಏಳುತ್ತದೆ. ಹೊಲಿಗೆ ಎಳೆದ ಕೂಡಲೇ ನಾನೂ ಏಳುತ್ತಿದ್ದೆ. ಮೂತ್ರಕ್ಕೆ ಹೋಗಿ ಬಂದು, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಾ, ಮನಸ್ಸಿನಲ್ಲಿ ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಾ, ಅದು ಇಳಿಯಲಿ ಎಂದು ಕಾಯುವುದು. ‘ಏನ್ರೀ, ನಿದ್ದೆ ಬರ್ತಿಲ್ವಾ?’ ಎಂದು ಹೆಂಡತಿ ಕೇಳುತ್ತಿದ್ದಳು. ನನಗೇನೋ ಬರುತ್ತಿತ್ತು, ಅದಕ್ಕೆ ಬರುತ್ತಿರಲಿಲ್ಲ.

ಮಧ್ಯೆ ತುದಿಯ ಸುತ್ತ ಹಳದಿ ಪೊರೆಯಂಥದ್ದು ಕಾಣಿಸಿ ಕೀವು ಎಂದು ಗಾಬರಿಯಾದೆ. ಅದು ಗಾಯ ಮಾಗುವಾಗ ಬರುವ ಪೊರೆ, ಕೆರೆಯಬೇಡಿ ಎಂದರು ನರ್ಸ್. ಕೆಟ್ಟ ವಾಸನೆ, ಜ್ವರ, ಹರಡುತ್ತಾ ಹೋಗುವ ಕೆಂಪು, ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಹೊಲಿಗೆಗಳು 2-3 ವಾರದಲ್ಲಿ ಒಂದೊಂದಾಗಿ ಉದುರಿದವು. ನೋವೂ ಹೋಯಿತು. ಊತ ಮಾತ್ರ ಹಾಗೇ ಕೂತಿತ್ತು. ಬೆಳಿಗ್ಗೆ ಇಳಿದಂತೆ ಕಾಣುತ್ತದೆ, ಖುಷಿಯಲ್ಲಿ ನಾಲ್ಕು ಹೆಜ್ಜೆ ಜಾಸ್ತಿ ನಡೆದರೆ ಸಂಜೆಗೆ ಮತ್ತೆ ಹಾಜರು. ಸ್ನಾನದ ಮನೆಗೆ ಹೋದಾಗೆಲ್ಲ ನೋಡುವುದು, ನಿನ್ನೆಗಿಂತ ಕಡಿಮೆಯೋ ಜಾಸ್ತಿಯೋ ಎಂದು ಲೆಕ್ಕ ಹಾಕುವುದು. ಕೊನೆಗೆ ನೆನಪನ್ನು ನಂಬಿ ಪ್ರಯೋಜನವಿಲ್ಲ ಎಂದು ದಿನಾ ಒಂದು ಫೋಟೋ ತೆಗೆಯಲು ಶುರು ಮಾಡಿದೆ. ಅಂದಿನಿಂದ ನನ್ನ ಫೋನನ್ನು ನಾನು ಯಾರ ಕೈಗೂ ಕೊಟ್ಟಿಲ್ಲ. ‘ಟ್ರಿಪ್ ಫೋಟೋ ತೋರಿಸೋ’ ಎಂದ ಗೆಳೆಯನಿಗೆ ಫೋನ್ ಕೆಟ್ಟಿದೆ ಎಂದೆ, ಅದೇ ಫೋನಿನಲ್ಲಿ ಮಾತಾಡುತ್ತಾ.

ಮುಂದಿನ ಸಲ ಹೋದಾಗ ಡಾಕ್ಟರು ಕಣ್ಣು ಹಾಯಿಸಿ ‘ಚೆನ್ನಾಗಿದೆ’ ಎಂದುಬಿಟ್ಟರು. ನಾನು ಬಿಡಲಿಲ್ಲ. ಊತ ಇನ್ನೂ ಇದೆಯಲ್ಲ ಸರ್ ಎಂದೆ. ಪೂರ್ತಿ ಇಳಿಯೋಕೆ ತಿಂಗಳುಗಟ್ಟಲೆ ಹಿಡಿಯಬಹುದು, ಕೆಳಗಿನ ಭಾಗದ್ದು ಎಲ್ಲಕ್ಕಿಂತ ಕೊನೆಗೆ ಹೋಗುವುದು ಎಂದರು. ಇಷ್ಟು ಕಷ್ಟಪಟ್ಟು ತೆಗೆದ ಫೋಟೋಗಳನ್ನು ಸುಮ್ನೆ ವಾಪಸ್ ತಗೊಂಡು ಹೋಗೋದು ಹೇಗೆ? ಫೋನ್ ಅವರ ಕೈಗೇ ಕೊಟ್ಟೆ. ಅವರು ನನ್ನ ಮುಂದಿನ ಪೇಷೆಂಟಿನ ರಿಪೋರ್ಟ್ ಮೇಲೆ ಒಂದು ಕಣ್ಣಿಟ್ಟುಕೊಂಡೇ ಬೆರಳಿನಲ್ಲಿ ಒಂದೊಂದಾಗಿ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿ ಹೇಳಿದರು: ‘ನೋಡಿ, ಇದರಲ್ಲಿ ಊತ ಪೂರ್ತಿ ಇಳಿದಿದೆ, ಚರ್ಮವೂ ನುಣ್ಣಗಾಗಿದೆ. ಇನ್ನೇನು ಚಿಂತೆ?’

ಬಗ್ಗಿ ನೋಡಿದೆ.

‘ಅದು ನಮ್ಮ ಮಾವನವರ ತಲೆ, ಸರ್. ಹಿಂದಿನಿಂದ ತೆಗೆದದ್ದು.’