ಪರ-ವಿರೋಧ: ಕ್ಷುದ್ರಗ್ರಹದ ಕಲ್ಲಿಗಾಗಿ ಅಲ್ಲಿಗೇ ಹೋಗಬೇಕಾ?

ಪರ: ಚೀಲ ಸರಿಯಿಲ್ಲದಿದ್ದರೆ ಮಣ್ಣು ಸುಳ್ಳು ಹೇಳುತ್ತದೆ

ನಾನು ಮಣ್ಣು ಪರೀಕ್ಷೆ ಮಾಡುವವನು. ಆಕಾಶದ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ಮಾದರಿ ತೆಗೆಯುವುದು ಎಷ್ಟು ಕಷ್ಟ ಅಂತ ಗೊತ್ತು.

ಒಮ್ಮೆ ನಮ್ಮ ಸೋದರಮಾವ ನಾಲೆ ಕೊನೆಯ ಗದ್ದೆಯಿಂದ ಮಣ್ಣು ತಂದುಕೊಟ್ಟರು. ಪರೀಕ್ಷೆ ಮಾಡಿದರೆ ಪೊಟ್ಯಾಷ್ ಎಲ್ಲೋ ಹೋಗಿ ಕೂತಿದೆ! "ಯಾವುದರಲ್ಲಿ ತಂದ್ರಿ ಮಾವ?" ಅಂದೆ. "ಗೊಬ್ಬರದ ಚೀಲ ಕಣೋ, ಚೆನ್ನಾಗಿ ಕೊಡವಿದ್ದೆ" ಅಂದರು. ಮತ್ತೆ ಕಳಿಸಿದೆ. ತೊಳೆದ ಬಕೆಟ್, ಅರ್ಧ ಅಡಿ ಆಳದ ವಿ ಆಕಾರದ ಗುಂಡಿ, ಗದ್ದೆಯ ಎಂಟು ಹತ್ತು ಕಡೆ. ಆಗ ಪೊಟ್ಯಾಷ್ ಮಾಮೂಲಿಗೆ ಇಳಿಯಿತು. ಮೊದಲ ಸಲ ನಾನು ಪರೀಕ್ಷೆ ಮಾಡಿದ್ದು ಗದ್ದೆಯನ್ನಲ್ಲ, ಚೀಲವನ್ನು.

ಕ್ಷುದ್ರಗ್ರಹದಿಂದ ಸಿಡಿದು ನಮ್ಮ ನೆಲಕ್ಕೆ ಬೀಳುವ ಕಲ್ಲು, ಅಂದರೆ ಉಲ್ಕಾಶಿಲೆಯ ಕಥೆಯೂ ಇದೇ. ಅದು ಬರುವಾಗಲೇ ಹೊರಮೈ ಸುಟ್ಟುಕೊಂಡು ಬರುತ್ತದೆ. ಬಿದ್ದ ಮೇಲೆ ನಮ್ಮ ಗಾಳಿ, ಮಳೆ, ಮಣ್ಣಿನ ಜೀವಿಗಳು, ಎತ್ತಿಕೊಂಡವರ ಕೈ ಎಲ್ಲ ತಾಗುತ್ತದೆ. 1864ರಲ್ಲಿ ಫ್ರಾನ್ಸಿನ ಒರ್ಗೈ ಹಳ್ಳಿಯ ಹತ್ತಿರ ಬಿದ್ದ ಕಲ್ಲಿನ ಒಂದು ತುಂಡಿನಲ್ಲಿ ಬೀಜಗಳು ಸಿಕ್ಕವು. ಯಾರೋ ಗೋಂದು ಹಚ್ಚಿ ಜೊಂಡಿನ ಬೀಜ ತುರುಕಿದ್ದರು. ಇದು ಗೊತ್ತಾಗಲು ನೂರು ವರ್ಷ ಬೇಕಾಯಿತು!

ಈಗ ಬೆನ್ನು ನೋಡಿ. ಬೆನ್ನು ಅಂದರೆ ಸುಮಾರು 500 ಮೀಟರ್ ಅಗಲದ ಕಲ್ಲುಗುಡ್ಡೆ, ಸೂರ್ಯನ ಸುತ್ತ ತಿರುಗುತ್ತಿರುವ ಕ್ಷುದ್ರಗ್ರಹ. ನಾಸಾದ ಒಸೈರಿಸ್-ರೆಕ್ಸ್ ನೌಕೆ 2020ರ ಅಕ್ಟೋಬರ್‌ನಲ್ಲಿ ಅಲ್ಲಿ ಕೈ ಚಾಚಿತು. ಗಟ್ಟಿ ನೆಲ ಅಂದುಕೊಂಡಿದ್ದರು. ನೋಡಿದರೆ ಜಲ್ಲಿ ರಾಶಿಗೆ ಕೈ ಹಾಕಿದ ಹಾಗೆ ಒಳಗೆ ಇಳಿದೇ ಹೋಯಿತು. ತಂದ 121.6 ಗ್ರಾಮ್ ಕಲ್ಲು-ಪುಡಿಯನ್ನು ಅಮೆರಿಕದ ಹೂಸ್ಟನ್‌ನಲ್ಲಿ, ನಮ್ಮ ಗಾಳಿ ತಾಗದ ಹಾಗೆ, ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಅದರಲ್ಲಿ ಏನು ಸಿಕ್ಕಿತು? ಪ್ರೋಟೀನಿಗೆ ಬೇಕಾದ 20 ಅಮೈನೊ ಆಮ್ಲಗಳಲ್ಲಿ 14. ನನಗೆ ಮೈ ಜುಮ್ ಅಂದಿದ್ದು ಅದಕ್ಕಲ್ಲ, ಉಪ್ಪಿಗೆ. ನಮ್ಮ ಚೌಳು ನೆಲದಲ್ಲಿ ಬೇಸಿಗೆ ಬಂದರೆ ಮೇಲೆ ಬಿಳಿ ಪುಡಿ ಕೂರುತ್ತದಲ್ಲ, ಆ ಜಾತಿಯ ಸೋಡಿಯಂ ಕಾರ್ಬೊನೇಟ್. ಅಂದರೆ ಯಾವುದೋ ಕಾಲದಲ್ಲಿ ಬೆನ್ನುವಿನ ತಾಯಿ ಕಲ್ಲಿನೊಳಗೆ, ಅಂದರೆ ಬೆನ್ನು ಒಡೆದು ಬಂದ ದೊಡ್ಡ ಕಲ್ಲಿನೊಳಗೆ, ಉಪ್ಪುನೀರು ನಿಂತು ಆರಿತ್ತು. ಇಂಥ ಉಪ್ಪು ನಮ್ಮ ಗಾಳಿಯ ತೇವಕ್ಕೇ ಹಾಳಾಗುತ್ತದೆ. ಹೊಲಕ್ಕೆ ಬಿದ್ದ ಕಲ್ಲಿನಲ್ಲಿ ಹುಡುಕಿದರೆ ಸಿಗುತ್ತದಾ?

ದುಡ್ಡಿನ ಮಾತು ಎದುರಿನವರು ಆಡುತ್ತಾರೆ. ಆಡಲಿ. ಮಾದರಿ ಕೆಟ್ಟ ಮೇಲೆ ಎಷ್ಟು ದುಡ್ಡು ಸುರಿದರೂ ಫಲಿತಾಂಶ ಸರಿ ಬರುವುದಿಲ್ಲ. ಮಾವನನ್ನು ಕೇಳಿ.

ವಿರೋಧ: ಮನೆ ಬಾಗಿಲಿಗೇ ಬೀಳುವಾಗ

ಪರ ಬರೆಯಲು ಜನ ಸಿಕ್ಕರಂತೆ, ವಿರೋಧಕ್ಕೆ ಯಾರೂ ಇಲ್ಲವಂತೆ. "ನೀವು ಲೆಕ್ಕದ ಮೇಷ್ಟ್ರು, ನೀವೇ ಬರೆಯಿರಿ" ಅಂದರು. ಸರಿ, ಲೆಕ್ಕವನ್ನೇ ಹಾಕುತ್ತೇನೆ.

ಒಸೈರಿಸ್-ರೆಕ್ಸ್‌ಗೆ ಆದ ಖರ್ಚು ಸುಮಾರು 116 ಕೋಟಿ ಡಾಲರ್. ಬಂದಿದ್ದು 121.6 ಗ್ರಾಮ್. ಭಾಗಿಸಿ ನೋಡಿ, ಗ್ರಾಮಿಗೆ 95 ಲಕ್ಷ ಡಾಲರ್! ಜಪಾನಿನ ಮೊದಲ ಹಯಬುಸಾ ನೌಕೆ ಏಳು ವರ್ಷ ಅಲೆದು ಇನ್ನೊಂದು ಕ್ಷುದ್ರಗ್ರಹದಿಂದ 2010ರಲ್ಲಿ ತಂದ ಧೂಳು ಒಂದು ಮಿಲಿಗ್ರಾಮೂ ಇರಲಿಲ್ಲ.

ಇತ್ತ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ 100 ಕಿಲೋಗೂ ಜಾಸ್ತಿ ಕಲ್ಲು ಬಿತ್ತು. ಅಮೈನೊ ಆಮ್ಲ ಅದರಲ್ಲೂ ಸಿಕ್ಕಿತ್ತು. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದಿದ್ದೂ ಇಂಗಾಲ ತುಂಬಿದ ಅಂಥದ್ದೇ ಕಲ್ಲು, ಸುಮಾರು 2 ಕಿಲೋ. ರಾಕೆಟ್ ಬೇಡ, ನೌಕೆ ಬೇಡ, ಸುಮ್ನೆ ಹೋಗಿ ಎತ್ತಿಕೊಂಡು ಬಂದರಾಯಿತು.

ನೆಲ ಮುಟ್ಟಿದ್ದು ಬೇಡ ಅನ್ನುವುದು ಒಂಥರಾ ಮಡಿ. ನಮ್ಮಜ್ಜಿ ಮಡಿಬಟ್ಟೆಯನ್ನು ಕೋಲಿನಿಂದಲೇ ಗಳುವಿಗೆ ಏರಿಸುತ್ತಿದ್ದರು, ನಾವು ಹತ್ತಿರ ಹೋದರೆ ಕೂಗುತ್ತಿದ್ದರು. ಹೂಸ್ಟನ್ನಿನ ಆ ಗಾಜಿನ ಪೆಟ್ಟಿಗೆ, ಕೈಗವಸು ನೋಡಿದ್ದರೆ ತುಂಬಾ ಮೆಚ್ಚುತ್ತಿದ್ದರು. ಅಷ್ಟು ಮಡಿಯಿಂದ ತಂದ ಡಬ್ಬಿಯ ಮುಚ್ಚಳದಲ್ಲಿ 35 ತಿರುಪುಗಳು. ಎರಡು ಬಿಚ್ಚಲೇ ಇಲ್ಲ. ಅದಕ್ಕೆಂದೇ ಹೊಸ ಉಪಕರಣ ಮಾಡಿ ತೆಗೆಯುವಷ್ಟರಲ್ಲಿ 2024ರ ಜನವರಿ ಬಂದಿತ್ತು.

ಇಷ್ಟು ಬರೆದ ಮೇಲೆ ಒಂದು ಮುಚ್ಚಿಡಲಾರೆ. 2023ರ ಸೆಪ್ಟೆಂಬರ್ 24, ಭಾನುವಾರ ರಾತ್ರಿ ಎಂಟು ದಾಟಿತ್ತು. ಆ ಡಬ್ಬಿ ಅಮೆರಿಕದ ಯೂಟಾದ ಮರಳುಗಾಡಿಗೆ ಇಳಿಯುವ ಹೊತ್ತು. ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಕೂತಿದ್ದೆ. ಸಣ್ಣ ಪ್ಯಾರಾಚೂಟ್ ಬಿಚ್ಚಿತು ಅನ್ನುವ ಸುದ್ದಿ ಬರಲೇ ಇಲ್ಲ. ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಕೊನೆಗೆ ದೊಡ್ಡದು ಕಾಣಿಸಿತು, ಡಬ್ಬಿ ಮೆಲ್ಲಗೆ ನೆಲ ಮುಟ್ಟಿತು. ಸಾರು ತಣ್ಣಗಾಗಿತ್ತು.

"ಎಷ್ಟು ಖರ್ಚಾಯ್ತಂತೆ ಇದಕ್ಕೆ?" ಅಂದಳು ಹೆಂಡತಿ.

"ಸುಮ್ನಿರೇ" ಅಂದೆ.