ಅಜ್ಜಿ ಕಣ್ಣು ಹೊಡೆದ ಕಥೆ

ಒಮ್ಮೆ ಮುಖಕ್ಕೆ ಬಣ್ಣ ಹಚ್ಚಿದವರನ್ನು ನಂಬಬಾರದು. ಮದುವೆ, ಮಕ್ಕಳು, ಕೆಲಸ, ಸಾಲ ಅಂತ ವರ್ಷಗಟ್ಟಲೆ ತೆಪ್ಪಗಿರುತ್ತಾರೆ. ನೋಡಿದವರು ‘ಸದ್ಯ, ನಾಟಕದ ಹುಚ್ಚು ಬಿಟ್ಟಿತು’ ಅಂದುಕೊಳ್ಳುತ್ತಾರೆ. ಎಲ್ಲಿ ಬಿಟ್ಟಿರುತ್ತೆ? ಯಾರಾದರೂ ಫೋನ್ ಮಾಡಿ ‘ಒಂದು ಪಾತ್ರ ಇದೆ, ಮಾಡ್ತೀರಾ’ ಅಂದರೆ ಸಾಕು. ಮೊಣಕಾಲು ನೋವು, ಬಿಪಿ ಮಾತ್ರೆ, ಮರುದಿನದ ಮೀಟಿಂಗು ಎಲ್ಲ ಒಟ್ಟಿಗೆ ಮರೆತುಹೋಗುತ್ತವೆ. ‘ಯೋಚಿಸಿ ಹೇಳ್ತೀನಿ’ ಅನ್ನುವಷ್ಟು ಬಿಗುಮಾನವೂ ಉಳಿಯುವುದಿಲ್ಲ.

ಕಾಲೇಜಿನ ದಿನಗಳಲ್ಲಿ ನಾನು ಯಾವಾಗಲೂ ನಾಯಕಿ. ಈ ಸಲ ಫೋನ್ ಮಾಡಿದ ನಿರ್ದೇಶಕ ಆಗ ಹುಟ್ಟಿಯೂ ಇರಲಿಲ್ಲ. ತುಂಬಾ ಸಂಕೋಚದಿಂದ, “ಮೇಡಂ, ಬೇಜಾರು ಮಾಡ್ಕೋಬೇಡಿ, ಅಜ್ಜಿ ಪಾತ್ರ” ಅಂದ. ನಾನು ಸುಮ್ಮನಾದದ್ದು ನೋಡಿ, ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಹೆಸರಿನಲ್ಲಿ ಓಡಾಡುವ ಮಾತನ್ನು ಎಳೆದು ತಂದ. “ಸಣ್ಣ ಪಾತ್ರ ಅಂತ ಇರೋದೇ ಇಲ್ಲ ಮೇಡಂ, ಸಣ್ಣ ನಟರು ಇರ್ತಾರೆ ಅಷ್ಟೆ.” ಇದನ್ನು ನಿರ್ದೇಶಕರು ಹೇಳುವುದು ಸಣ್ಣ ಪಾತ್ರ ಕೊಡುವಾಗ ಮಾತ್ರ. ನಾಯಕನ ಪಾತ್ರ ಕೊಟ್ಟು ಯಾರೂ ಹೀಗೆ ಸಮಾಧಾನ ಹೇಳಿದ್ದು ನಾನು ಕೇಳಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, “ಯಾವ ಪಾತ್ರ?” ಅಂದರು.

“ಅಜ್ಜಿ.”

“ಹಾಗಾದ್ರೆ ಮೇಕಪ್ ಬೇಡ ಅನ್ನು.”

ಮಗ ಮೊಬೈಲಿನಿಂದ ತಲೆ ಎತ್ತಿದ. ಅದೇ ದೊಡ್ಡ ವಿಷಯ. “ಅಮ್ಮಾ, ನನ್ನ ಫ್ರೆಂಡ್ಸ್‌ನೂ ಕರೀಬೇಕಾ?” ಅಂದ.

ಅವತ್ತಿನಿಂದ ಸ್ಟಾನಿಸ್ಲಾವ್‌ಸ್ಕಿ ಮೇಲೆ ನನಗೆ ಗೌರವ ಜಾಸ್ತಿಯಾಗಿದೆ. ಆತ 1898ರಲ್ಲಿ ಇನ್ನೊಬ್ಬರ ಜೊತೆ ಸೇರಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ್ದಕ್ಕಲ್ಲ. ನಟನೆಯ ಬಗ್ಗೆ ದಪ್ಪ ಪುಸ್ತಕ ಬರೆದದ್ದಕ್ಕೂ ಅಲ್ಲ. ಆತನೂ ಶುರು ಮಾಡಿದ್ದು ನಮ್ಮ ಹಾಗೆ ಹವ್ಯಾಸಿಯಾಗಿ. ಕಾರ್ಖಾನೆ ಇದ್ದ ಸಿರಿವಂತ ಮನೆಯ ಹುಡುಗ, ನಿಜವಾದ ಮನೆತನದ ಹೆಸರು ಅಲೆಕ್ಸೆಯೆವ್. ನಾಟಕದ ಖಯಾಲಿ ಮನೆಯವರಿಗೆ ಗೊತ್ತಾಗಬಾರದು ಅಂತ ಸ್ಟಾನಿಸ್ಲಾವ್‌ಸ್ಕಿ ಅನ್ನುವ ಹೆಸರು ಇಟ್ಟುಕೊಂಡ. ಆತನ ಶಿಷ್ಯರೆಲ್ಲ ‘ಪಾತ್ರದ ಒಳಗೆ ಇಳಿಯಿರಿ’ ಅಂತ ಬೋಧನೆ ಮಾಡುತ್ತಾರೆ. ಮನೆಯವರಿಗೆ ಹೇಳದೆ ಹೇಗೆ ಇಳಿಯುವುದು ಅನ್ನುವುದನ್ನೇ ಯಾರೂ ಕಲಿಸುವುದಿಲ್ಲ.

ತಾಲೀಮು ಶುರುವಾಯಿತು. ನಮ್ಮ ಕಾಲದಲ್ಲಿ ತಾಲೀಮು ಅಂದರೆ ಬಂದು, ಮಾತು ಒಪ್ಪಿಸಿ, ಹೋಗುವುದು. ಈಗ ಮೊದಲು ಆಟ ಆಡಿಸುತ್ತಾರೆ. ಮೈ ಸಡಿಲವಾಗಬೇಕಂತೆ. “ಎಲ್ಲರೂ ನೆಲದ ಮೇಲೆ ಕೂತ್ಕೊಳ್ಳಿ” ಅಂದ ನಿರ್ದೇಶಕ. ಕೂತೆ. ಕೂರುವುದು ಕಷ್ಟವಲ್ಲ, ಅದಕ್ಕೆ ಭೂಮಿಯೇ ಸಹಾಯ ಮಾಡುತ್ತೆ. “ಈಗ ಎಲ್ಲರೂ ನಿಮಗಿಷ್ಟವಾದ ಪ್ರಾಣಿಯಾಗಿ ಓಡಾಡಿ” ಅಂದ. ಹುಡುಗರು ಚಿರತೆ, ಮಂಗ, ಕುದುರೆ ಆಗಿ ಕೋಣೆ ತುಂಬಾ ನೆಗೆದಾಡಿದರು. ನಿರ್ದೇಶಕ ನನ್ನ ಹತ್ತಿರ ಬಂದು ನಿಂತು, ಕಣ್ಣರಳಿಸಿ, “ಆಮೆ! ಎಷ್ಟು ಸಹಜವಾಗಿದೆ ಮೇಡಂ!” ಅಂದ.

ನಾನು ಇನ್ನೂ ಪ್ರಾಣಿ ಆಗಿರಲೇ ಇಲ್ಲ. ನೆಲದಿಂದ ಏಳುತ್ತಿದ್ದೆ.

ಮಾತು ಬಾಯಿಪಾಠ ಮಾಡುವುದು ಇನ್ನೊಂದು ಕಥೆ. ಎದುರು ಪಾತ್ರದ ಮಾತು ಹೇಳಿಕೊಡಲು ಮನೆಯಲ್ಲಿ ಯಾರಾದರೂ ಬೇಕು. ಮಗ ಇಯರ್‌ಫೋನ್ ಸಿಕ್ಕಿಸಿಕೊಂಡ. ನಮ್ಮನೆಯವರು ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದರು. ಅವರು ಮೊಮ್ಮಗನ ಮಾತು, ಡಾಕ್ಟರ ಮಾತು, ಪ್ರೇಮಿಯ ಮಾತು ಎಲ್ಲವನ್ನೂ ಕರೆಂಟ್ ಬಿಲ್ ಓದುವ ಧಾಟಿಯಲ್ಲೇ ಓದುತ್ತಿದ್ದರು. ಹೋಗಲಿ ಅಂದರೆ, ಕಂಸದೊಳಗಿನ ಸೂಚನೆಯನ್ನೂ ಬಿಡುತ್ತಿರಲಿಲ್ಲ. “ಬಿಕ್ಕಿ ಬಿಕ್ಕಿ ಅಳುತ್ತಾ ಅಜ್ಜಿ ನನ್ನನ್ನು ಕ್ಷಮಿಸಿಬಿಡಿ ಬಾಗಿಲ ಕಡೆ ಓಡುವನು,” ಅಂತ ಒಂದೇ ಉಸಿರಿಗೆ ಹೇಳಿ, ‘ಈಗ ನಿನ್ನದು’ ಅಂತ ಗಲ್ಲದಿಂದಲೇ ಸನ್ನೆ ಮಾಡುವರು. ಕೇಳಿ ಕೇಳಿ ಅದೇ ನನಗೆ ಅಭ್ಯಾಸವಾಯಿತು. ತಾಲೀಮಿನಲ್ಲಿ ಮೊಮ್ಮಗ ಬಿಕ್ಕಿ ಬಿಕ್ಕಿ ಅತ್ತು, ಕ್ಷಮೆ ಕೇಳಿ, ಬಾಗಿಲ ಕಡೆ ಓಡಿ, ಕಾದು, ವಾಪಸ್ ಬಂದು, “ಆಂಟಿ, ನಿಮ್ಮ ಮಾತು” ಅಂದ. ನಾನು ಅವನು ‘ಓಡುವನು’ ಅನ್ನಲಿ ಅಂತ ಕಾಯುತ್ತಿದ್ದೆ.

ಆದರೂ ಒಂದು ಗಮ್ಮತ್ತಿನ ಸಂಗತಿ ಇದೆ. ಮಂಚದ ಮೇಲೆ ಕೂತು ಎಷ್ಟು ಉರು ಹೊಡೆದರೂ ತಲೆಯಲ್ಲಿ ನಿಲ್ಲದ ಮಾತು, ಎದ್ದು ನಡೆದಾಡುತ್ತಾ ಹೇಳಿದರೆ ನಿಂತುಬಿಡುತ್ತೆ. ಇದು ನನ್ನೊಬ್ಬಳ ಅನುಭವವಲ್ಲ. ಹೆಲ್ಗಾ ನೋಯಿಸ್ ಮತ್ತು ಟೋನಿ ನೋಯಿಸ್ ಅನ್ನುವ ದಂಪತಿ ನಟರ ನೆನಪಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆಕೆ ಮನಶ್ಶಾಸ್ತ್ರದವರು, ಆತ ನಟ. ಚಲನೆಯ ಜೊತೆ ಹೇಳಿದ ಮಾತು ನಿಂತಲ್ಲೇ ಹೇಳಿದ ಮಾತಿಗಿಂತ ಚೆನ್ನಾಗಿ ನೆನಪಿರುತ್ತೆ ಅಂತ ಅವರು ಕಂಡುಕೊಂಡರು. ವಯಸ್ಸಾದವರಿಗೆ ನಾಲ್ಕು ವಾರ ನಟನೆ ಕಲಿಸಿ ನೋಡಿದಾಗ ಅವರ ನೆನಪಿನ ಶಕ್ತಿಯೂ ಸುಧಾರಿಸಿತಂತೆ. ನಾನು ಇದನ್ನು ಮನೆಯಲ್ಲಿ ದೊಡ್ಡ ಧ್ವನಿಯಲ್ಲಿ ಓದಿ ಹೇಳಿದೆ. “ಹಾಗಾದ್ರೆ ಬೀರುವಿನ ಕೀ ಎಲ್ಲಿಟ್ಟೆ ಅಂತ ಸ್ವಲ್ಪ ನಡೆದಾಡಿ ನೆನಪು ಮಾಡ್ಕೋ” ಅಂದರು ನಮ್ಮನೆಯವರು.

ಗಂಡ ಹೆಂಡತಿ ಸೇರಿ ಸಂಶೋಧನೆ ಮಾಡುವ ಮನೆಗಳೂ ಇವೆ ಪ್ರಪಂಚದಲ್ಲಿ.

ಪ್ರದರ್ಶನದ ದಿನ ಬಂತು. ಹತ್ತಾರು ವರ್ಷ ಕಪ್ಪು ಬಣ್ಣ ಹಚ್ಚಿ ಮುಚ್ಚಿಟ್ಟ ಬಿಳಿ ಕೂದಲ ಮೇಲೆ ಮೇಕಪ್‌ನವರು ಬಿಳಿ ಪೌಡರ್ ಸುರಿದರು. ಕೆಳಗೆ ಅಸಲಿ ಬಿಳಿ, ನಡುವೆ ನಕಲಿ ಕಪ್ಪು, ಮೇಲೆ ನಕಲಿ ಬಿಳಿ. ಆಮೇಲೆ ನನ್ನ ಕನ್ನಡಕ ಬಿಚ್ಚಿಸಿದರು. ಗಾಜಿಗೆ ದೀಪದ ಬೆಳಕು ಬಿದ್ದರೆ ಪ್ರೇಕ್ಷಕರಿಗೆ ಕಣ್ಣು ಕಾಣುವುದಿಲ್ಲವಂತೆ. ಅದಕ್ಕೆ ಗಾಜಿಲ್ಲದ ಫ್ರೇಮ್ ಕೊಟ್ಟರು. ದೂರದ್ದು, ಹತ್ತಿರದ್ದು ಎರಡಕ್ಕೂ ಕನ್ನಡಕ ಬೇಕಾದವಳು ನಾನು. ಕನ್ನಡಕ ಹಾಕಿಕೊಂಡ ಕೂಡಲೇ ಏನೂ ಕಾಣದ ಹಾಗಾಯಿತು. ಕನ್ನಡಿಯಲ್ಲಿ ಯಾವುದೋ ಮುದುಕಿ ಮಸುಕಾಗಿ ಕಂಡಳು. ಪರವಾಗಿಲ್ಲ, ಒಳ್ಳೆಯ ಮೇಕಪ್ ಅಂದುಕೊಂಡೆ.

ಮೊದಲನೇ ಬೆಲ್ ಆಯಿತು. ಬಾಯಿ ಒಣಗಿತು. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ಜೊಲ್ಲು ಬತ್ತುತ್ತೆ. ಹುಲಿ ಎದುರಾದರೂ ಇದೇ, ಮೂರು ಸಾಲು ಮಾತು ಹೇಳಬೇಕಾದರೂ ಇದೇ. ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಹಳಬರಿಗೆ ಭಯ ಇರುವುದಿಲ್ಲ ಅನ್ನುವುದು ಸುಳ್ಳು. ಲಾರೆನ್ಸ್ ಒಲಿವಿಯೆಯಂಥ ನಟನಿಗೇ 1960ರ ದಶಕದಲ್ಲಿ, ಐವತ್ತು ದಾಟಿ ಜಗತ್ಪ್ರಸಿದ್ಧನಾದ ಮೇಲೆ, ಸ್ಟೇಜ್ ಭಯ ಹತ್ತಿಕೊಂಡು ವರ್ಷಗಟ್ಟಲೆ ಕಾಡಿತು. ಒಥೆಲೊ ಪಾತ್ರ ಮಾಡುವಾಗ, ಜೊತೆ ನಟ ಫ್ರ್ಯಾಂಕ್ ಫಿನ್ಲೆಗೆ ಒಂದು ವಿನಂತಿ ಮಾಡಿಕೊಂಡಿದ್ದ. ನಾನು ಒಬ್ಬನೇ ವೇದಿಕೆ ಮೇಲಿರುವಾಗ ನೀನು ದೂರ ಹೋಗಬೇಡ, ನನಗೆ ಕಾಣುವ ಹಾಗೆ ವೇದಿಕೆ ಪಕ್ಕದ ವಿಂಗ್‌ನಲ್ಲಿ ನಿಂತಿರು ಅಂತ. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಗಿತ್ತು ಗೊತ್ತಾ? ಆದರೆ ನನ್ನ ಕನ್ನಡಕದಲ್ಲಿ ವಿಂಗ್‌ನಲ್ಲಿ ಯಾರು ನಿಂತರೂ ಕಾಣುವ ಹಾಗಿರಲಿಲ್ಲ.

ಮೂರನೇ ಬೆಲ್. ಪರದೆ ಸರಿಯಿತು. ಮೊದಲ ದೃಶ್ಯ ಹೂವೆತ್ತಿದ ಹಾಗೆ ಮುಗಿಯಿತು. ಎರಡನೆಯದರಲ್ಲಿ ಕುರ್ಚಿ ಕೈಕೊಟ್ಟಿತು.

ತಾಲೀಮು ಮಾಡಿದ್ದು ಇಕ್ಕಟ್ಟಾದ ಕೋಣೆಯಲ್ಲಿ. ರಂಗಮಂದಿರದ ವೇದಿಕೆ ಅಗಲ. ಸೆಟ್ ಚೆನ್ನಾಗಿ ಕಾಣಲಿ ಅಂತ ಯಾರೋ ಪುಣ್ಯಾತ್ಮರು ನನ್ನ ಕುರ್ಚಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದಿದ್ದರು. ನಡೆದಾಡುತ್ತಾ ಕಲಿತ ಮಾತಿನ ಕಷ್ಟ ಇಲ್ಲಿದೆ, ನೋಯಿಸ್ ದಂಪತಿ ಕೇಳಿಸಿಕೊಳ್ಳಬೇಕು. ನನ್ನ ದೊಡ್ಡ ಮಾತು ಶುರುವಾಗುವುದು ಕುರ್ಚಿಯ ಹಿಡಿಗೆ ಕೈ ತಾಗಿದಾಗ. ಕೈ ಚಾಚಿದೆ. ಕುರ್ಚಿ ಇಲ್ಲ. ಮಾತೂ ಇಲ್ಲ.

ಸೈಡ್ ವಿಂಗ್ ಕಡೆ ಕಿವಿ ಕೊಟ್ಟೆ. ಪುಸ್ತಕ ಹಿಡಿದು ಮಾತು ನೆನಪಿಸಲು ಅಲ್ಲಿ ಒಬ್ಬ ಹುಡುಗ ಇದ್ದ. ಆಮೇಲೆ ಗೊತ್ತಾಯಿತು, ಅವನು ನಾಟಕದಲ್ಲಿ ಮುಳುಗಿಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಮೌನ ಅಷ್ಟು ಚೆನ್ನಾಗಿತ್ತಂತೆ.

ಆಗ ನಾಯಕಿ ಹುಡುಗಿ, ತಾಲೀಮಿನುದ್ದಕ್ಕೂ ನನ್ನನ್ನು ‘ಆಂಟಿ, ಸ್ವಲ್ಪ ಆ ಕಡೆ’ ಅನ್ನುತ್ತಿದ್ದವಳು, ಬಂದು ನನ್ನ ಕೈ ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದಳು. ಕಾಲ ಬಳಿ ಕೂತು, “ಅಜ್ಜಿ, ಅವತ್ತು ಮಳೇಲಿ ಅಪ್ಪನ್ನ ಎತ್ಕೊಂಡು ಮನೆ ಬಿಟ್ಟು ಬಂದ್ರಲ್ಲ, ಆ ಕಥೆ ಹೇಳಿ” ಅಂದಳು. ನಾಟಕದಲ್ಲಿ ಅವಳಿಗೆ ಆ ಮಾತೇ ಇಲ್ಲ. ನನ್ನ ಮಾತಿನ ಅರ್ಧ ಭಾಗವನ್ನು ಪ್ರಶ್ನೆ ಮಾಡಿ ನನ್ನ ಮಡಿಲಿಗೆ ಹಾಕಿದ್ದಳು. ಉಳಿದದ್ದು ತಾನಾಗಿ ಬಂತು.

ಇಷ್ಟು ಹೊತ್ತಿಗೆ ದೀಪದ ಶಾಖಕ್ಕೆ ಬೆವರು, ಬೆವರಿನ ಜೊತೆ ತಲೆಯ ಪೌಡರ್ ಇಳಿಯತೊಡಗಿತ್ತು. ಎಡಗಣ್ಣಿನಲ್ಲಿ ಕಡಿತ. ಎದುರಿಗೆ ಡಾಕ್ಟರ್ ಪಾತ್ರದವರು ಗಂಭೀರವಾಗಿ ನನ್ನ ಕಾಯಿಲೆ ವಿವರಿಸುತ್ತಿದ್ದಾರೆ. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ಬೆರಳು ಕನ್ನಡಕದ ಫ್ರೇಮ್ ಒಳಗಿಂದ ತೂರಿ ಕಣ್ಣುಜ್ಜಿತು. ಮುಂದಿನ ಸಾಲಿನಲ್ಲಿ ಒಂದು ಮಗು ಜೋರಾಗಿ, “ಅಪ್ಪಾ, ಗಾಜೇ ಇಲ್ಲ!” ಅಂತ ಕೂಗಿತು. ಸಭೆಯೆಲ್ಲ ಗೊಳ್ಳೆಂದಿತು.

ಡಾಕ್ಟರು ಒಂದು ಕ್ಷಣ ತಡೆದರು. ಆಮೇಲೆ ಸ್ಟೆತಸ್ಕೋಪ್ ಮಡಚುತ್ತಾ, “ಅಜ್ಜಿ, ಕನ್ನಡಕ ಎಷ್ಟು ಚೆನ್ನಾಗಿ ಒರೆಸಿದ್ದೀರಿ! ಗಾಜು ಇರೋದೇ ಗೊತ್ತಾಗ್ತಿಲ್ಲ” ಅಂದರು. ಆ ನಗು, ಆ ಚಪ್ಪಾಳೆ ನಾಟಕ ಬರೆದವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಇನ್ನು ಬ್ಲ್ಯಾಕ್‌ಔಟ್. ದೀಪದಡಿ ಕೂತವರಿಗೆ ಇದ್ದಕ್ಕಿದ್ದ ಹಾಗೆ ಕತ್ತಲಾದರೆ ತಮ್ಮ ಕೈಯೇ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಾಟಕದಲ್ಲಿ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅಜ್ಜಿ ಎದ್ದು, ಸ್ಟೂಲು ದಾಟಿ, ಮಂಚ ಸುತ್ತಿ, ಒಳಗೆ ಹೋಗಬೇಕು. ದಾರಿ ತಿಳಿಯಲಿ ಅಂತ ನೆಲಕ್ಕೆ ಹೊಳೆಯುವ ಟೇಪಿನ ತುಂಡು ಅಂಟಿಸಿದ್ದರು. ನನಗೆ ಅದು ಎಲ್ಲೆಲ್ಲೂ ಕಂಡು ಎಲ್ಲೂ ಕಾಣದ ಹಾಗಿತ್ತು. ಲೈಟಿಂಗ್ ನೋಡಿಕೊಳ್ಳುವ ಹಿರಿಯರು ಅದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. “ದೀಪ ಆರೋಕೆ ಸ್ವಲ್ಪ ಮೊದಲೇ ಒಂದು ಕಣ್ಣು ಮುಚ್ಕೊಳ್ಳಿ ತಾಯಿ. ಕತ್ತಲಾದಾಗ ಆ ಕಣ್ಣು ತೆರೀರಿ. ಅದು ಅಷ್ಟರಲ್ಲಿ ಕತ್ತಲಿಗೆ ಪಳಗಿರುತ್ತೆ.” ಒಂದೊಂದು ಕಣ್ಣೂ ಬೇರೆ ಬೇರೆಯಾಗಿ ಕತ್ತಲಿಗೆ ಒಗ್ಗುತ್ತೆ, ಉಪಾಯ ಅಪ್ಪಟ ವೈಜ್ಞಾನಿಕ.

ದೃಶ್ಯದ ಕೊನೆಗೆ ಡಾಕ್ಟರು ಎದ್ದು ನಿಂತರು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಭಾರವಾದ ದನಿಯಲ್ಲಿ ಹೇಳಿದರು. “ಅಜ್ಜಿ, ಇನ್ನು ಮೇಲೆ ನೀವು ಒಬ್ಬರೇ ಇರಬಾರದು.”

ದೀಪ ಆರುವ ಹೊತ್ತು. ನಾನು ವಿಜ್ಞಾನದ ಪ್ರಕಾರ ಎಡಗಣ್ಣು ಮುಚ್ಚಿದೆ.

ಸಭಾಂಗಣ ನಗುವಿಗೆ ಒಡೆದುಹೋಗುವುದೊಂದು ಬಾಕಿ. ಸಿಳ್ಳೆ ಬಿತ್ತು. ದೀಪದವರು ನಗುತ್ತಾ ಬಟನ್ ಒತ್ತುವುದು ತಡವಾಯಿತು. ಅಷ್ಟು ಹೊತ್ತೂ ಅಜ್ಜಿ ಡಾಕ್ಟರಿಗೆ ಕಣ್ಣು ಹೊಡೆದುಕೊಂಡೇ ಕೂತಿದ್ದಳು. ತೆರೆದರೆ ಕತ್ತಲೆಯಲ್ಲಿ ಮುಗ್ಗರಿಸುತ್ತೇನಲ್ಲ! ಕೊನೆಗೆ ಕತ್ತಲಾಯಿತು, ಕಣ್ಣು ತೆರೆದೆ. ಸ್ಟೂಲು ಅಚ್ಚುಕಟ್ಟಾಗಿ ಕಂಡಿತು. ಒಳಗೆ ಬಂದರೆ ಡಾಕ್ಟರು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, “ಮೇಡಂ, ನನಗೆ ಮದುವೆಯಾಗಿದೆ” ಅಂದರು. ಮರುದಿನದ ಪ್ರದರ್ಶನಕ್ಕೆ ನಿರ್ದೇಶಕ ಬಂದು, ತಲೆ ಕೆರೆದುಕೊಂಡು, “ಆ ಕಣ್ಣು ಹೊಡೆಯೋದು ಇರ್ಲಿ ಮೇಡಂ” ಅಂದ. ಈಗ ಅದು ಪುಸ್ತಕದಲ್ಲೂ ಸೇರಿದೆ. ಕಂಸದೊಳಗೆ.

ಇಷ್ಟೆಲ್ಲ ಆದ ಮೇಲೆ ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು’ ಅಂತ ಕೇಳುವವರು ಇದ್ದಾರೆ. ಚಪ್ಪಾಳೆಗೆ ಅಂದುಕೊಂಡಿದ್ದಾರೆ. ಚಪ್ಪಾಳೆ ಯಾರಿಗೆ ಬೇಡ, ಕೊಟ್ಟರೆ ಇಟ್ಟುಕೊಳ್ಳೋಣ. ಆದರೆ ನಾನು ದಿನಾ ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಅಂತ ಮರೆತು ನಿಲ್ಲುತ್ತೇನೆ. ಒಬ್ಬರೂ ಬಂದು ನನ್ನ ಮುಂದಿನ ಮಾತನ್ನು ಪ್ರಶ್ನೆ ಮಾಡಿ ಕೈಗಿಡುವುದಿಲ್ಲ. ಆಫೀಸಿನಲ್ಲಿ ತಡವರಿಸಿದರೆ ಎದುರಿನವರು ಗಡಿಯಾರ ನೋಡುತ್ತಾರೆ. ವೇದಿಕೆ ಮೇಲೆ ಮಾತ್ರ, ನಾನು ಒಂದು ಉಸಿರು ಜಾಸ್ತಿ ಎಳೆದರೂ ನಾಲ್ಕು ಜನ ಮೈಯೆಲ್ಲ ಕಣ್ಣಾಗಿ ನನ್ನನ್ನೇ ನೋಡುತ್ತಿರುತ್ತಾರೆ, ಎಲ್ಲಿ ಬೀಳುತ್ತಾಳೋ ಹಿಡಿಯೋಣ ಅಂತ. ನಾಯಕಿಯಾಗಿದ್ದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಗ ಎಲ್ಲರೂ ನನ್ನ ಸೌಂದರ್ಯ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

ಅಂದಹಾಗೆ ನಮ್ಮನೆಯವರು ಪ್ರದರ್ಶನಕ್ಕೆ ಬಂದಿದ್ದರು. ನಾಟಕದುದ್ದಕ್ಕೂ ಎಲ್ಲರ ಮಾತನ್ನೂ ಗೊಣಗುತ್ತಾ ಕೂತಿದ್ದರಂತೆ. ಪಕ್ಕದ ಸೀಟಿನವರು ಸಿಟ್ಟಾಗಿ, “ಸ್ವಲ್ಪ ಸುಮ್ನಿರ್ತೀರಾ, ನಾಟಕ ನೋಡ್ಬೇಕು” ಅಂದರಂತೆ. ಇವರು, “ಈಗ ಬಾಗಿಲ ಕಡೆ ಓಡ್ತಾನೆ ನೋಡಿ” ಅಂದರಂತೆ. ಹೇಳಿದ್ದು ಮಗ. ಅವನು ಫ್ರೆಂಡ್ಸ್ ಜೊತೆ ಹಿಂದಿನ ಸಾಲಿನಲ್ಲಿದ್ದ. ಸಿಳ್ಳೆ ಹೊಡೆದದ್ದು ಯಾರು ಅಂತ ಮಾತ್ರ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಮೊನ್ನೆ ನಿರ್ದೇಶಕ ಮತ್ತೆ ಫೋನ್ ಮಾಡಿದ. ಹೊಸ ನಾಟಕವಂತೆ. “ಮೇಡಂ, ನಿಮಗೊಂದು ಪಾತ್ರ ಇದೆ, ಆದ್ರೆ...”

“ಸಣ್ಣ ಪಾತ್ರ ಅಂತ ಇರೋದೇ ಇಲ್ಲಪ್ಪ. ಹೇಳು.”

“ಮೊದಲನೇ ದೃಶ್ಯದಲ್ಲೇ ಸತ್ತು ಹೋಗ್ತೀರಿ.”

“ಮಾತು?”

“ಇಲ್ಲ. ಪರದೆ ತೆಗೆಯೋ ಹೊತ್ತಿಗೇ ಸತ್ತಿರ್ತೀರಿ. ಮಂಚದ ಮೇಲೆ ಮಲಗಿರಬೇಕು. ಸುತ್ತ ಆಸ್ತಿ ಜಗಳ ನಡೆಯುತ್ತೆ. ಇಪ್ಪತ್ತು ನಿಮಿಷ ನೀವು ಅಲ್ಲಾಡೋ ಹಾಗಿಲ್ಲ, ಯಾರೂ ನಿಮ್ಮನ್ನ ಮುಟ್ಟಲ್ಲ, ಮಾತಾಡ್ಸಲ್ಲ. ಕಷ್ಟ ಆಗುತ್ತಾ ಮೇಡಂ?”

ಇಪ್ಪತ್ತು ನಿಮಿಷ. ಮಂಚದ ಮೇಲೆ. ಯಾರೂ ಕರೆಯುವುದಿಲ್ಲ, ಕೀ ಎಲ್ಲಿ ಅಂತ ಕೇಳುವುದಿಲ್ಲ, ಕಣ್ಣು ಎರಡೂ ಮುಚ್ಚಿಕೊಂಡಿರಬಹುದು.

“ಎಷ್ಟು ಪ್ರದರ್ಶನ ಇದೆ?” ಅಂತ ಕೇಳಿದೆ. “ಸದ್ಯಕ್ಕೆ ಎರಡು” ಅಂದ. ಇನ್ನೂ ಜಾಸ್ತಿ ಮಾಡಪ್ಪ ಅಂದೆ.